ರೋಗಾಣುಭಕ್ಷಕಗಳ ಪೂರ್ವಚರಿತ್ರೆ

ಔಷಧಗಳಿಗೆ ಮಣಿಯದ ರೋಗಾಣುಗಳನ್ನು ಜಯಿಸಲು ವಿಜ್ಞಾನಿಗಳು ಈಗ ಶೋಧಿಸುತ್ತಿರುವ ಮಾರ್ಗಗಳಲ್ಲಿ ರೋಗಾಣುಭಕ್ಷಕಗಳ ಪ್ರಯೋಗವೂ ಒಂದು. ಇದು ನೂತನವೆಂಬ ಪ್ರತೀತಿಯುಂಟು. ವಸ್ತುತಃ ಇದು ಪೆನಿಸಿಲಿನ್ನಿಗಿಂತಲೂ ಪ್ರಾಚೀನವಾದುದು.

ಈ ಚರಿತ್ರೆಯನ್ನು ಅನೇಕರು ಗಂಗಾಯಮುನೆಗಳಿಂದ ಆರಂಭಿಸುವರು. ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಆಂಗ್ಲ ವಿಜ್ಞಾನಿಯು, ಈ ನದಿಗಳ ನೀರು ಕಾಲರಾ ರೋಗಾಣುಗಳನ್ನು ನಾಶಮಾಡುವುದೆಂದೂ, ಕುದಿಸಿದರೆ ಆ ಗುಣವು ಉಳಿಯದೆಂದೂ 1896ರಲ್ಲಿ ಪ್ರಕಟಿಸಿದನು. ಆದುದರಿಂದ ಭಕ್ಷಕವನ್ನು ಮೊದಲು ಕಂಡವನು ಅವನೇ ಎಂದು ಕೆಲವರ ಮತ. ಈ ನಿರ್ಣಯವು ಸಾಧುವಲ್ಲ. ಆ ಶಕ್ತಿಯು ಆವಿಯಾಗತಕ್ಕ ಒಂದು ದ್ರವ್ಯದ್ದೆಂದು ಹ್ಯಾಂಕಿನ್ನನು ಭಾವಿಸಿದ್ದನು. ಕಾರ್ಯವನ್ನು ಕಾಣುವುದು ಬೇರೆ, ಕಾರಣವನ್ನು ಅರಿಯುವುದು ಬೇರೆ.

1915ರಲ್ಲಿ ಲಂಡನ್ನಿನ ಟ್ವಾರ್ಟನು ರೋಗಾಣುಗಳು ಕರಗಿಹೋಗುವುದನ್ನು ವರ್ಣಿಸಿದನು. 1917ರಲ್ಲಿ ಪ್ಯಾರಿಸ್ಸಿನ ಫೆಲಿಕ್ಸ್ ಡೆರೆಲ್ಲನು ಇದು ರೋಗಾಣುವಿನಲ್ಲಿ ಬೆಳೆಯುವ ಅದೃಶ್ಯ ಜೀವಿಯ ಕೆಲಸವೆಂದು ಸಾರಿ, ಅದಕ್ಕೆ 'ಬ್ಯಾಕ್ಟೀರಿಯೊಫೇಜ್' ಎಂದು ಹೆಸರಿಟ್ಟನು. 'ಫೇಜ್' ಎಂಬುದು ಭಕ್ಷಣಾರ್ಥಕವಾದ ಗ್ರೀಕ್ ಧಾತುವಿನಿಂದ ಬಂದುದು. ಹೆಸರು ಹಾಗಿದ್ದರೂ ಈ ವೈರಸ್ಸು ರೋಗಾಣುವನ್ನು ತಿನ್ನುವುದಿಲ್ಲ. ಅದರೊಳಗೆ ತನ್ನ ಸಂತತಿಯನ್ನು ಬೆಳೆಯಿಸಿ, ಅದನ್ನು ಒಡೆದು ಹೊರಬರುವುದು. 1919ರಲ್ಲಿ ಡೆರೆಲ್ಲನು ಇದನ್ನು ಮೊದಲು ತಾನೇ ಕುಡಿದು ಪರೀಕ್ಷಿಸಿ, ಬಳಿಕ ರಕ್ತಭೇದಿಯಿಂದ ನರಳುತ್ತಿದ್ದ ಬಾಲಕನಿಗೆ ಕೊಟ್ಟನು, ಬಾಲಕನು ಗುಣಹೊಂದಿದನು.

ಇಂತಹ ಚಿಕಿತ್ಸೆಯು ಪಶ್ಚಿಮ ದೇಶಗಳಲ್ಲಿ ಏಕೆ ಲೋಪವಾಯಿತು? ಒಂದೊಂದು ಭಕ್ಷಕವೂ ಕೆಲವೇ ಬಗೆಯ ರೋಗಾಣುಗಳನ್ನು ಕೊಲ್ಲುವುದು. ಈ ನಿಯಮವನ್ನು ಲಕ್ಷಿಸದೆ ತಯಾರಿಸಿದ ಔಷಧಗಳು ಅನೇಕವೇಳೆ ನಿಷ್ಫಲವಾದುವು, ಪರೀಕ್ಷೆಗಳೂ ಕ್ರಮಬದ್ಧವಾಗಿರಲಿಲ್ಲ. 1940ರ ದಶಕದಲ್ಲಿ ಬಹುವಿಧ ರೋಗಾಣುಗಳನ್ನು ಕೊಲ್ಲುವ ಪೆನಿಸಿಲಿನ್ ಪ್ರಚಾರಕ್ಕೆ ಬರಲು, ಭಕ್ಷಕಗಳು ಮರೆಯಾದುವು. ಆದರೆ ಜಾರ್ಜಿಯಾದ ಟಿಬಿಲಿಸಿ ನಗರದಲ್ಲಿ ಈ ವಿದ್ಯೆಯು ಉಳಿಯಿತು. ಅಲ್ಲಿ 1923ರಲ್ಲಿ ಸಂಶೋಧನಸಂಸ್ಥೆಯನ್ನು ಸ್ಥಾಪಿಸಿದ ಎಲಿಯಾವನು 1937ರಲ್ಲಿ ಸ್ಟಾಲಿನ್ನನ ಆಡಳಿತದಿಂದ ಹತನಾದರೂ ಸಂಸ್ಥೆಯು ಅಳಿಯಲಿಲ್ಲ.

ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗನೇ, ಔಷಧವನ್ನು ಅಲ್ಪಪ್ರಮಾಣದಲ್ಲಿ ಸೇವಿಸಿದರೆ ರೋಗಾಣುಗಳು ಅದನ್ನು ಸಹಿಸಲು ಕಲಿಯುವುವೆಂದು 1945ರಲ್ಲಿ ಎಚ್ಚರಿಸಿದ್ದನು. ಆ ಮಾತು ನಿಜವಾಯಿತು. 2019ರಲ್ಲಿ ಇಂತಹ ಪ್ರತಿರೋಧದಿಂದಲೇ ಲೋಕದಲ್ಲಿ ಸುಮಾರು 12.7 ಲಕ್ಷ ಜನರು ಮೃತರಾದರೆಂದು ಗಣಿಸಲಾಗಿದೆ. 2016ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ, ಔಷಧಗಳೆಲ್ಲ ಸೋತಿದ್ದ ಒಬ್ಬ ರೋಗಿಯು ಭಕ್ಷಕಗಳನ್ನು ರಕ್ತನಾಳಕ್ಕೆ ಸೇರಿಸಿದ ಮೇಲೆ ಚೇತರಿಸಿಕೊಂಡನು. ಹಿಂದೆ ದೋಷವೆನಿಸಿದ್ದ ಪರಿಮಿತ ವ್ಯಾಪ್ತಿಯೇ ಈಗ ಗುಣವೆನಿಸಿದೆ. ದೇಹಕ್ಕೆ ಹಿತಕರವಾದ ಅಣುಜೀವಿಗಳು ಇದರಿಂದ ಬಹುಮಟ್ಟಿಗೆ ಉಳಿಯುವುವು.

ಆದರೂ ಒಬ್ಬ ರೋಗಿಯ ಆರೋಗ್ಯವು ಸಿದ್ಧಾಂತಕ್ಕೆ ಸಾಲದು. ರೋಗಾಣುಗಳು ಭಕ್ಷಕಗಳನ್ನೂ ಪ್ರತಿರೋಧಿಸಬಲ್ಲುವು. ಈ ವಿದ್ಯೆಯು ಹಿಂದೆ ಕೆಟ್ಟುದು ಅಸತ್ಯದಿಂದಲ್ಲ, ಅಪರೀಕ್ಷಿತವಾದ ಉತ್ಸಾಹದಿಂದ. ಅದೇ ಉತ್ಸಾಹವು ಮತ್ತೆ ಪರೀಕ್ಷೆಯನ್ನು ಮೀರಿ ನಡೆದರೆ ಅದೇ ಫಲವು ಮರಳಿ ಬರುವುದು.