ಸಮರ್ಕಂದ್, ಬುಖಾರಾ, ಖೀವಾ: ನೀಲಿ ಗುಮ್ಮಟಗಳ ಕೆಳಗಿನ ಪಾಠಶಾಲೆಗಳು

ಸಮರ್ಕಂದ್ ಮತ್ತು ಬುಖಾರಾ ಎಂಬ ಹೆಸರುಗಳು ನಮ್ಮಲ್ಲಿ ಅನೇಕರಿಗೆ ಬಾಲ್ಯದಿಂದಲೇ ಪರಿಚಿತ. ಹದೀಸ್‌ನ ಮಾತು ಬಂದಾಗ ಇಮಾಮ್ ಬುಖಾರಿ(ರ)ಯವರನ್ನು, ವೈದ್ಯಶಾಸ್ತ್ರದ ಮಾತು ಬಂದಾಗ ಇಬ್ನ್ ಸೀನಾ ಅವರನ್ನು, ಬೀಜಗಣಿತದ ಮಾತು ಬಂದಾಗ ಅಲ್ ಖ್ವಾರಿಝ್ಮಿ ಅವರನ್ನು ಸ್ಮರಿಸುತ್ತೇವೆ. ಇಮಾಮ್ ಬುಖಾರಿ ಕ್ರಿ.ಶ. 810ರಲ್ಲಿ ಬುಖಾರಾದಲ್ಲಿ ಜನಿಸಿ 870ರಲ್ಲಿ ಸಮರ್ಕಂದ್ ಸಮೀಪದ ಹಳ್ಳಿಯೊಂದರಲ್ಲಿ ನಿಧನರಾದರು. ಇಬ್ನ್ ಸೀನಾ ಬುಖಾರಾದ ಹತ್ತಿರದ ಊರಿನವರು. ಅಲ್ ಖ್ವಾರಿಝ್ಮಿ ಅವರ ಹೆಸರೇ ಖೀವಾ ನಗರವಿರುವ ಖ್ವಾರಿಝ್ಮ್ ಪ್ರಾಂತವನ್ನು ಸೂಚಿಸುತ್ತದೆ. ಈ ಮೂರೂ ನಗರಗಳು ಇಂದು ಉಜ್ಬೇಕಿಸ್ತಾನಕ್ಕೆ ಸೇರಿವೆ.

1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬೇರ್ಪಟ್ಟು ಸ್ವತಂತ್ರವಾದ ಈ ದೇಶದ ರಾಜಧಾನಿ ತಾಷ್ಕೆಂಟ್. ಭಾರತ-ಪಾಕಿಸ್ತಾನ ಒಪ್ಪಂದಕ್ಕೆ ಸಹಿ ಹಾಕಿದ ಮರುದಿನ, 1966ರ ಜನವರಿ 11ರಂದು, ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಕೊನೆಯುಸಿರೆಳೆದದ್ದು ಇಲ್ಲೇ. ಅಲ್ಲಿಂದ ಸುಮಾರು 300 ಕಿಲೋಮೀಟರ್ ದೂರದ ಸಮರ್ಕಂದ್‌ಗೆ 2011ರಿಂದ ವೇಗದ ರೈಲು ಓಡುತ್ತಿದೆ. 2016ರಲ್ಲಿ ಆ ಸೇವೆ ಬುಖಾರಾಕ್ಕೂ ವಿಸ್ತರಿಸಿತು. ದಾರಿ ಸುಗಮವಾದ ಮೇಲೆ ಪ್ರವಾಸಿಗರೂ ಹೆಚ್ಚಾದರು. ಬಂದವರು ನೀಲಿ ಗುಮ್ಮಟಗಳ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಂಡು ಮುಂದಿನ ಊರಿಗೆ ಹೊರಡುತ್ತಾರೆ. ಆದರೆ ಆ ಗುಮ್ಮಟಗಳ ಕೆಳಗೆ ಏನು ನಡೆಯುತ್ತಿತ್ತು, ಅದು ಏಕೆ ನಿಂತುಹೋಯಿತು, ಇಂದು ಏನು ಉಳಿದಿದೆ? ವಿದ್ಯಾಸಂಸ್ಥೆಗಳನ್ನು ನಡೆಸುವ ಸಮುದಾಯ ಕೇಳಬೇಕಾದ ಪ್ರಶ್ನೆಗಳು ಇವು.

ರೆಗಿಸ್ತಾನ್: ಮೂರು ಮದ್ರಸಾಗಳ ಚೌಕ

ಸಮರ್ಕಂದ್‌ನ ಹೃದಯಭಾಗದಲ್ಲಿರುವ ವಿಶಾಲ ಚೌಕಕ್ಕೆ ರೆಗಿಸ್ತಾನ್ ಎಂದು ಹೆಸರು. ಅದರ ಮೂರು ಬದಿಗಳಲ್ಲಿ ಮೂರು ಭವ್ಯ ಕಟ್ಟಡಗಳಿವೆ. ಪ್ರಥಮ ಬಾರಿಗೆ ನೋಡುವವರು ಇವುಗಳನ್ನು ಅರಮನೆಗಳೆಂದು ಭಾವಿಸಬಹುದು. ಆದರೆ ಮೂರೂ ಮದ್ರಸಾಗಳು. 1417ರಿಂದ 1420ರ ನಡುವೆ ಕಟ್ಟಿಸಿದ ಉಲುಗ್ ಬೇಗ್ ಮದ್ರಸಾ ಮೊದಲನೆಯದು. ಶೇರ್ ದೋರ್ ಮದ್ರಸಾ 1636ರಲ್ಲಿ ಹಾಗೂ ತಿಲ್ಲಾ ಕಾರಿ ಮದ್ರಸಾ 1660ರಲ್ಲಿ ಪೂರ್ಣಗೊಂಡವು. ಒಂದು ನಗರ ತನ್ನ ಅತ್ಯಂತ ಬೆಲೆಬಾಳುವ ಜಾಗವನ್ನು ಪಾಠಶಾಲೆಗಳಿಗೆ ಬಿಟ್ಟುಕೊಟ್ಟಿತ್ತೆಂಬುದನ್ನು ಗಮನಿಸಬೇಕು.

ಉಲುಗ್ ಬೇಗ್ (1394-1449) ವಿಜೇತ ತೈಮೂರನ ಮೊಮ್ಮಗ. ತಾತನಿಗೆ ಯುದ್ಧದ ಹಂಬಲವಾದರೆ ಮೊಮ್ಮಗನಿಗೆ ನಕ್ಷತ್ರಗಳ ಹಂಬಲ. ಕಾಶಾನ್‌ನಿಂದ ಜಮ್‌ಶೀದ್ ಅಲ್ ಕಾಶಿ, ಬುರ್ಸಾದಿಂದ ಕಾಝಿ ಝಾದಾ ರೂಮಿ ಮುಂತಾದ ಗಣಿತಜ್ಞರು ಅವನ ಆಶ್ರಯಕ್ಕೆ ಬಂದರು. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವಾದ ‘ಪೈ’ಯ ಬೆಲೆಯನ್ನು ಅಲ್ ಕಾಶಿ 1424ರಲ್ಲಿ 16 ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕಿದರು. ಸುಮಾರು 170 ವರ್ಷ ಯಾರೂ ಅದನ್ನು ಮೀರಿಸಲಿಲ್ಲ.

ಇದೇ ಅಲ್ ಕಾಶಿ ಕಾಶಾನ್‌ನಲ್ಲಿದ್ದ ತಮ್ಮ ತಂದೆಗೆ ಬರೆದ ಪತ್ರ ಇಂದಿಗೂ ಲಭ್ಯವಿದೆ. ಅರಸನ ಸಮ್ಮುಖದಲ್ಲೇ ನಡೆಯುತ್ತಿದ್ದ ವಿದ್ವತ್ ಚರ್ಚೆಗಳನ್ನು ಅವರು ಅದರಲ್ಲಿ ವರ್ಣಿಸಿದ್ದಾರೆ. ವಿಷಯ ಪೂರ್ತಿ ಅರ್ಥವಾಗುವವರೆಗೆ ಒಪ್ಪಿಕೊಳ್ಳಬಾರದು, ಮೆಚ್ಚಿಸುವ ಸಲುವಾಗಿ ಅರ್ಥವಾದಂತೆ ನಟಿಸಬಾರದು ಎಂಬುದು ಉಲುಗ್ ಬೇಗ್‌ನ ನಿಲುವಾಗಿತ್ತಂತೆ. ಪ್ರಶ್ನೆ ಕೇಳಲು ಹಿಂಜರಿಯುವ ನಮ್ಮ ವಿದ್ಯಾರ್ಥಿಗಳು ಈ ಮಾತನ್ನು ನೆನಪಿನಲ್ಲಿಡಬೇಕು.

ಕಟ್ಟಡ ಅಳಿಯಿತು, ಗ್ರಂಥ ಉಳಿಯಿತು

ರೆಗಿಸ್ತಾನ್‌ನಿಂದ ಸ್ವಲ್ಪ ದೂರದ ದಿಬ್ಬದ ಮೇಲೆ ಉಲುಗ್ ಬೇಗ್‌ನ ಖಗೋಳ ವೀಕ್ಷಣಾಲಯದ ಅವಶೇಷವಿದೆ. ಅಲ್ಲಿ ಈಗ ಕಾಣುವುದು ನೆಲದೊಳಗೆ ಬಂಡೆಯನ್ನು ಕೊರೆದು ಮಾಡಿದ ಕಮಾನಿನಾಕಾರದ ಒಂದು ಕಾಲುವೆ ಮಾತ್ರ. ಸುಮಾರು 40 ಮೀಟರ್ ತ್ರಿಜ್ಯದ ಬೃಹತ್ ಮಾಪನ ಸಾಧನದ ಕೆಳತುದಿ ಅದು. ಇಂತಹ ಸಾಧನಗಳಿಂದ ಆಕಾಶವನ್ನು ವರ್ಷಗಟ್ಟಲೆ ಅಳೆದು, 1437ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿಯುಳ್ಳ ಗ್ರಂಥವನ್ನು ಸಿದ್ಧಪಡಿಸಿದರು. ನಕ್ಷತ್ರ ವರ್ಷದ ಅವಧಿಯನ್ನು 365 ದಿನ, 6 ಗಂಟೆ, 10 ನಿಮಿಷ, 8 ಸೆಕೆಂಡುಗಳೆಂದು ನಿರ್ಣಯಿಸಿದರು. ಇಂದಿನ ಲೆಕ್ಕಕ್ಕೂ ಇದಕ್ಕೂ ಒಂದು ನಿಮಿಷದಷ್ಟೂ ವ್ಯತ್ಯಾಸವಿಲ್ಲ. ದೂರದರ್ಶಕ ಹುಟ್ಟುವ ಮೊದಲಿನ ಸಾಧನೆ ಇದು!

1449ರಲ್ಲಿ ಅಧಿಕಾರದ ಕಲಹದಲ್ಲಿ ಸೋತ ಉಲುಗ್ ಬೇಗ್ ಹಜ್ಜ್ ಯಾತ್ರೆಗೆಂದು ಹೊರಟಾಗ, ಸ್ವಂತ ಮಗನ ಕಡೆಯವರೇ ಅವನ ಶಿರಚ್ಛೇದ ಮಾಡಿದರು. ವೀಕ್ಷಣಾಲಯ ಹಾಳಾಯಿತು. ಅದು ಎಲ್ಲಿತ್ತೆಂಬುದೇ ಜನರಿಗೆ ಮರೆತುಹೋಗಿ, 1908ರಲ್ಲಿ ರಷ್ಯದ ಪುರಾತತ್ತ್ವಜ್ಞ ವ್ಯಾಟ್ಕಿನ್ ಅದನ್ನು ಪತ್ತೆ ಹಚ್ಚಬೇಕಾಯಿತು.

ಆದರೆ ಗ್ರಂಥ ನಾಶವಾಗಲಿಲ್ಲ. ವೀಕ್ಷಣಾಲಯದಲ್ಲಿ ದುಡಿದ ಅಲಿ ಕುಶ್ಜಿ ಎಂಬ ವಿದ್ವಾಂಸರು ಮುಂದೆ ಇಸ್ತಾಂಬುಲ್ ತಲುಪಿ, ಅಲ್ಲಿ ಗಣಿತ ಮತ್ತು ಖಗೋಳಶಾಸ್ತ್ರ ಬೋಧಿಸುತ್ತಾ 1474ರಲ್ಲಿ ನಿಧನರಾದರು. ಸಮರ್ಕಂದ್‌ನ ನಕ್ಷತ್ರ ಪಟ್ಟಿ 1665ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಲ್ಯಾಟಿನ್ ಅನುವಾದದೊಂದಿಗೆ ಮುದ್ರಣವಾಯಿತು. ಹದಿನೆಂಟನೆಯ ಶತಮಾನದಲ್ಲಿ ದೆಹಲಿ ಮತ್ತು ಜೈಪುರಗಳಲ್ಲಿ ಜಂತರ್ ಮಂತರ್ ಕಟ್ಟಿಸಿದ ರಾಜಾ ಸವಾಯಿ ಜಯಸಿಂಹನೂ ತನ್ನ ಖಗೋಳ ಕೋಷ್ಟಕಗಳಿಗೆ ಇದೇ ಗ್ರಂಥವನ್ನು ಆಧಾರವಾಗಿಸಿಕೊಂಡ. ಒಬ್ಬ ಮುಸ್ಲಿಮ್ ದೊರೆಯ ಲೆಕ್ಕವನ್ನು ಒಬ್ಬ ರಜಪೂತ ದೊರೆ ಮುಂದುವರಿಸಿದ. ಜ್ಞಾನಕ್ಕೆ ಎಲ್ಲೆಗಳಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕೇ?

ವೈಭವದ ಬೆಲೆ

ಇತಿಹಾಸವನ್ನು ಓದುವಾಗ ಅಭಿಮಾನದೊಂದಿಗೆ ನ್ಯಾಯಪ್ರಜ್ಞೆಯೂ ಇರಬೇಕು. ಸಮರ್ಕಂದ್‌ನ ಬೀಬಿ ಖಾನಮ್ ಮಸೀದಿಯ ನಿರ್ಮಾಣ 1399ರಲ್ಲಿ ಆರಂಭವಾಯಿತು. ಅದರ ಹಿಂದಿನ ವರ್ಷವಷ್ಟೇ ತೈಮೂರ್ ದೆಹಲಿಯನ್ನು ಕೊಳ್ಳೆ ಹೊಡೆದಿದ್ದ. ಮಸೀದಿಯ ಕಲ್ಲುಗಳನ್ನು ಎಳೆದದ್ದು ಭಾರತದಿಂದ ಒಯ್ದ ಆನೆಗಳು. ಕೆತ್ತನೆಗೆ ನಮ್ಮ ದೇಶದ ಕಲ್ಲುಕುಟಿಗರನ್ನೂ ಹಿಡಿದೊಯ್ದಿದ್ದರು. ಆ ದೆಹಲಿಯ ಅರಸರೂ ಮುಸಲ್ಮಾನರೇ ಆಗಿದ್ದರೆಂಬುದನ್ನು ಮರೆಯುವಂತಿಲ್ಲ. ಸೌಂದರ್ಯವನ್ನು ಮೆಚ್ಚೋಣ, ಆದರೆ ಅದಕ್ಕಾಗಿ ಊರು ಕಳೆದುಕೊಂಡ ಅನಾಮಧೇಯ ಕುಶಲಕರ್ಮಿಗಳನ್ನೂ ಸ್ಮರಿಸೋಣ.

ಅವಸರದಲ್ಲಿ ಕಟ್ಟಿದ ಆ ಮಸೀದಿ ಬಹುಬೇಗ ಬಿರುಕು ಬಿಟ್ಟಿತು. 1897ರ ಭೂಕಂಪದಲ್ಲಿ ಅದರ ಬಹುಭಾಗ ಕುಸಿಯಿತು. ಇಂದು ನಿಂತಿರುವುದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಪುನರ್ನಿರ್ಮಾಣ. ತಿಲ್ಲಾ ಕಾರಿ ಮದ್ರಸಾದ ನೀಲಿ ಗುಮ್ಮಟ ಕೂಡ ಸೋವಿಯತ್ ಕಾಲದ ಸೇರ್ಪಡೆ. ರಷ್ಯದ ಛಾಯಾಗ್ರಾಹಕ ಪ್ರೊಕುದಿನ್ ಗೋರ್ಸ್ಕಿ 1911ರಲ್ಲಿ ಸಮರ್ಕಂದ್‌ನಲ್ಲಿ ತೆಗೆದ ವರ್ಣಚಿತ್ರಗಳನ್ನು ಇಂದಿನ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ಯಾವುದು ಹಳೆಯದು, ಯಾವುದು ಹೊಸದು ಎಂಬುದು ತಿಳಿಯುತ್ತದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಅಭ್ಯಾಸ.

ಬುಖಾರಾ: ಪಾಠ ನಿಂತದ್ದು, ಮತ್ತೆ ಆರಂಭವಾದದ್ದು

ಬುಖಾರಾದಲ್ಲಿ ನೋಡಲೇಬೇಕಾದದ್ದು 1127ರಲ್ಲಿ ಕಟ್ಟಿದ ಕಲ್ಯಾನ್ ಮಿನಾರ. ಸುಮಾರು 46 ಮೀಟರ್ ಎತ್ತರದ ಈ ಇಟ್ಟಿಗೆಯ ಗೋಪುರ 1220ರಲ್ಲಿ ಚಂಗೀಸ್ ಖಾನ್ ನಗರವನ್ನು ಸುಟ್ಟಾಗಲೂ ಉಳಿಯಿತು. ಊರಿನ ಇನ್ನೊಂದೆಡೆ, ಸಮರ್ಕಂದ್‌ನ ಮದ್ರಸಾಕ್ಕಿಂತಲೂ ಮೊದಲು, 1417ರಲ್ಲೇ ಉಲುಗ್ ಬೇಗ್ ಕಟ್ಟಿಸಿದ ಮದ್ರಸಾ ಇದೆ. ವಿದ್ಯಾರ್ಜನೆ ಪ್ರತಿಯೊಬ್ಬ ಮುಸ್ಲಿಮ್ ಪುರುಷ ಮತ್ತು ಸ್ತ್ರೀಯ ಕರ್ತವ್ಯ ಎಂಬ ಆಶಯದ ಬರಹವನ್ನು ಅದರ ದ್ವಾರದಲ್ಲಿ ಕೆತ್ತಲಾಗಿತ್ತು. ಆರು ನೂರು ವರ್ಷಗಳ ಹಿಂದೆಯೇ ಸ್ತ್ರೀಯರ ಉಲ್ಲೇಖ ಅಲ್ಲಿತ್ತು. ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಇಂದಿಗೂ ಮೀನಮೇಷ ಎಣಿಸುವವರು ಇದನ್ನು ಗಮನಿಸಬೇಕು.

ಇಂತಹ ಮದ್ರಸಾಗಳು ನಡೆಯುತ್ತಿದ್ದುದು ವಕ್ಫ್‌ನಿಂದ. ಅಂಗಡಿ, ತಂಗುದಾಣ, ತೋಟ, ಹೊಲಗಳ ಆದಾಯವನ್ನು ದಾನಿಗಳು ಶಾಶ್ವತವಾಗಿ ಮೀಸಲಿಡುತ್ತಿದ್ದರು. ಅದರಿಂದ ಶಿಕ್ಷಕರ ಸಂಬಳ, ವಿದ್ಯಾರ್ಥಿಗಳ ಊಟ, ಕಟ್ಟಡದ ದುರಸ್ತಿ ನಡೆಯುತ್ತಿದ್ದವು. 1920ರ ದಶಕದ ಕೊನೆಯ ಹೊತ್ತಿಗೆ ಸೋವಿಯತ್ ಸರಕಾರ ವಕ್ಫ್ ವ್ಯವಸ್ಥೆಯನ್ನೇ ರದ್ದುಪಡಿಸಿತು. ಮದ್ರಸಾಗಳಿಗೆ ಬೀಗ ಬಿತ್ತು. ಕೆಲವು ಗೋದಾಮುಗಳಾದವು, ಕೆಲವು ವಸ್ತುಸಂಗ್ರಹಾಲಯಗಳಾದವು. ಹೊಸ ಆಡಳಿತದಿಂದ ಒಳಿತೇ ಆಗಲಿಲ್ಲವೆಂದಲ್ಲ. ಬುಖಾರಾದ ಹಳೆಯ ಹೌಝ್‌ಗಳ, ಅಂದರೆ ಕುಡಿಯುವ ನೀರಿನ ಕೊಳಗಳ, ನಾರುಹುಣ್ಣಿನ ರೋಗವನ್ನು ಅದು ನಿರ್ಮೂಲನ ಮಾಡಿತು. ಆದರೆ ಆದಾಯ ನಿಂತ ಪಾಠಶಾಲೆ, ಗೋಡೆಗಳು ಎಷ್ಟೇ ಗಟ್ಟಿಯಾಗಿದ್ದರೂ, ಬದುಕಲಾರದು.

ಕಲ್ಯಾನ್ ಮಿನಾರದ ಎದುರಿಗೇ ಇರುವ ಹದಿನಾರನೆಯ ಶತಮಾನದ ಮೀರ್ ಅರಬ್ ಮದ್ರಸಾ ಇದಕ್ಕೆ ಅಪವಾದ. ಎರಡನೆಯ ಮಹಾಯುದ್ಧದ ಬಳಿಕ ಅದು ಮತ್ತೆ ತೆರೆಯಿತು. ಇಡೀ ಸೋವಿಯತ್ ಒಕ್ಕೂಟದಲ್ಲಿ ಧಾರ್ಮಿಕ ಶಿಕ್ಷಣ ನೀಡುತ್ತಿದ್ದ ಬೆರಳೆಣಿಕೆಯ ಸಂಸ್ಥೆಗಳಲ್ಲಿ ಅದೂ ಒಂದಾಗಿತ್ತು. ಈಗಲೂ ಅಲ್ಲಿ ತರಗತಿಗಳು ನಡೆಯುವುದರಿಂದ ಪ್ರವಾಸಿಗರು ಬಾಗಿಲಿನ ಬಳಿಯೇ ನಿಲ್ಲಬೇಕು. ಪಾಠ ನಡೆಯುತ್ತಿದೆ ಎಂಬ ಕಾರಣಕ್ಕೆ ಪ್ರವೇಶ ದೊರೆಯದಿದ್ದರೆ ಬೇಸರವೇಕೆ? ಸಂತೋಷವೇ ಪಡಬೇಕು!

ಊರನ್ನೇ ಕಳೆದುಕೊಂಡ ಸ್ಮಾರಕಗಳು

ಖೀವಾದ ಕೋಟೆಯೊಳಗಿನ ಹಳೆಯ ನಗರ ಇಚಾನ್ ಕಲಾ 1990ರಲ್ಲಿ, ಬುಖಾರಾ 1993ರಲ್ಲಿ, ಸಮರ್ಕಂದ್ 2001ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಖೀವಾದ ಒಂದು ದೊಡ್ಡ ಮದ್ರಸಾ ಇಂದು ಹೋಟೆಲಾಗಿದೆ. ವಿದ್ಯಾರ್ಥಿಗಳು ಮಲಗುತ್ತಿದ್ದ ಕೋಣೆಗಳಲ್ಲಿ ಪ್ರವಾಸಿಗರು ತಂಗುತ್ತಾರೆ. ರೆಗಿಸ್ತಾನ್‌ನ ಅನೇಕ ಕೋಣೆಗಳಲ್ಲಿ ಕರಕುಶಲ ವಸ್ತುಗಳ ಅಂಗಡಿಗಳಿವೆ. ಕಟ್ಟಡ ಬಳಕೆಯಲ್ಲಿರುವುದು, ಕುಶಲಕರ್ಮಿಗಳಿಗೆ ಅನ್ನ ದೊರೆಯುವುದು ಒಳ್ಳೆಯದೇ. ಖೀವಾದ ಕೋಟೆಯೊಳಗೆ ಇಂದಿಗೂ ಕುಟುಂಬಗಳು ವಾಸಿಸುತ್ತಿರುವುದು ಆ ಊರಿನ ಭಾಗ್ಯ.

ಎಲ್ಲ ಊರುಗಳಿಗೂ ಆ ಭಾಗ್ಯವಿರಲಿಲ್ಲ. ತೈಮೂರನ ಹುಟ್ಟೂರಿನ ಪ್ರದೇಶವಾದ ಶಹರಿಸಬ್ಝ್ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಅನಂತರ ಪ್ರವಾಸಿಗರನ್ನು ಸೆಳೆಯಲೆಂದು ಹಳೆಯ ನಗರದ ನಡುವಿನ ಮೊಹಲ್ಲಾಗಳನ್ನೇ ಕೆಡವಿ, ವಿಶಾಲ ಉದ್ಯಾನವನ್ನೂ ಹೊಸ ಕಟ್ಟಡಗಳನ್ನೂ ನಿರ್ಮಿಸಲಾಯಿತು. 2016ರಲ್ಲಿ ಯುನೆಸ್ಕೋ ಅದನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. ತೈಮೂರನ ಅರಮನೆಯ ದ್ವಾರ ಹಾಗೆಯೇ ನಿಂತಿದೆ. ಆದರೆ ಅದರ ಸುತ್ತ ಶತಮಾನಗಳಿಂದ ಬಾಳಿದ ಮನೆಗಳು, ಓಣಿಗಳು ಇಲ್ಲ. ಉಲುಗ್ ಬೇಗ್‌ನ ವೀಕ್ಷಣಾಲಯ ಅಳಿದರೂ ವಿದ್ಯೆ ಉಳಿಯಿತು. ಶಹರಿಸಬ್ಝ್‌ನಲ್ಲಿ ಕಟ್ಟಡ ಉಳಿದರೂ ಊರು ಅಳಿಯಿತು.

ನಮ್ಮ ಬೀದರ್

ಇದೆಲ್ಲವೂ ದೂರದೇಶದ ಕಥೆಯೆಂದು ಭಾವಿಸಬೇಕಾಗಿಲ್ಲ. ಸಮರ್ಕಂದ್‌ನ ಮದ್ರಸಾಗಳ ಬಂಧುವೊಂದು ನಮ್ಮ ಬೀದರಿನಲ್ಲಿದೆ. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್, ಹೆರಾತಿನ ಪ್ರಸಿದ್ಧ ಕವಿ ಜಾಮಿಯಂತಹವರೊಡನೆ ಪತ್ರ ವ್ಯವಹಾರವಿಟ್ಟುಕೊಂಡಿದ್ದ ವಿದ್ವಾಂಸ. ಅವನು 1472ರಲ್ಲಿ ಮಧ್ಯ ಏಷ್ಯಾದ ಮಾದರಿಯಲ್ಲಿ ಮೂರು ಅಂತಸ್ತಿನ ಮದ್ರಸಾ ಕಟ್ಟಿಸಿದ. ನಡುವೆ ಅಂಗಳ, ಸುತ್ತಲೂ ಕೋಣೆಗಳು, ಹೊರಗೋಡೆಗೆ ಬಣ್ಣದ ಹೆಂಚುಗಳು. ಒಂಬತ್ತು ವರ್ಷಗಳ ಬಳಿಕ, 1481ರಲ್ಲಿ, ಶತ್ರುಗಳ ಪಿತೂರಿಗೆ ಕಿವಿಗೊಟ್ಟ ಸುಲ್ತಾನನ ಆಜ್ಞೆಯಂತೆ ಅವನ ವಧೆಯಾಯಿತು. ಉಲುಗ್ ಬೇಗ್‌ನ ಅಂತ್ಯವೇ ಇಲ್ಲಿಯೂ ಮರುಕಳಿಸಿತು. ಔರಂಗಜೇಬನ ಕಾಲದಲ್ಲಿ ಆ ಕಟ್ಟಡದಲ್ಲಿ ಸಂಭವಿಸಿದ ಮದ್ದಿನ ಸ್ಫೋಟದಿಂದ ಮುಂಭಾಗದ ಒಂದು ಪಾರ್ಶ್ವ ಕುಸಿಯಿತು. ಎರಡು ಮಿನಾರಗಳಲ್ಲಿ ಒಂದು ಮಾತ್ರ ಉಳಿದಿದೆ. ಅದರ ಮೈಮೇಲೆ ಅಂಟಿಕೊಂಡಿರುವ ನೀಲಿ, ಹಸಿರು ಹೆಂಚುಗಳ ಚೂರುಗಳು ಸಮರ್ಕಂದ್‌ನ ನೆನಪನ್ನು ತರುತ್ತವೆ.

ವಿದೇಶ ಪ್ರವಾಸ ಎಲ್ಲರ ಕೈಗೆಟುಕದು. ಬೀದರಿಗೆ, ವಿಜಯಪುರಕ್ಕೆ, ಕಲಬುರಗಿಗೆ ಹೋಗುವುದು ನಮ್ಮ ಯಾವ ಶಾಲೆಗೂ ಕಷ್ಟವಲ್ಲ. ವಿದ್ಯಾರ್ಥಿಗಳೇ, ಹೋಗುವಾಗ ಒಂದು ನೋಟ್ ಪುಸ್ತಕ ಜೊತೆಗಿರಲಿ. ಪ್ರತಿ ಕಟ್ಟಡದ ಮುಂದೆಯೂ ಕೇಳಿರಿ: ಇದನ್ನು ಕಟ್ಟಿಸಿದವರು ಯಾರು, ಕಟ್ಟಿದ ಕೈಗಳು ಯಾರವು, ಖರ್ಚು ನಡೆದದ್ದು ಹೇಗೆ, ಒಳಗೆ ಯಾರು ಏನನ್ನು ಕಲಿತರು, ಅದು ನಿಂತದ್ದು ಏಕೆ? ಗೋಡೆಗಳ ಮೇಲೆ ಹೆಸರು ಗೀಚಬೇಡಿರಿ. ಸಮಾಧಿಗಳಿರುವಲ್ಲಿ ಮೌನವಿರಲಿ. ಸುತ್ತಲಿನ ಓಣಿಯ ಹಿರಿಯರೊಂದಿಗೆ ಎರಡು ಮಾತನಾಡಿ ಬನ್ನಿರಿ.

ಸಂಘದ ಸದಸ್ಯರಿಗೂ ಒಂದು ಮಾತು. ನಮ್ಮ ಊರುಗಳ ಹಳೆಯ ಮಸೀದಿ, ಮದ್ರಸಾಗಳಲ್ಲಿ ವಕ್ಫ್ ಪತ್ರಗಳು, ದಾಖಲೆ ಪುಸ್ತಕಗಳು, ಕೈಬರಹದ ಗ್ರಂಥಗಳು ಕಪಾಟಿನಲ್ಲಿ ಗೆದ್ದಲಿಗೆ ಆಹಾರವಾಗುವ ಮುನ್ನ ಅವುಗಳ ಪಟ್ಟಿ ಮಾಡಿ, ಪ್ರತಿ ತೆಗೆದಿಡುವ ಕೆಲಸವನ್ನು ಈ ವರ್ಷವೇ ಆರಂಭಿಸಬಹುದು. ಇದಕ್ಕೆ ದೊಡ್ಡ ಮೊತ್ತ ಬೇಕಿಲ್ಲ, ಓದಬಲ್ಲ ಹಿರಿಯರು ಮತ್ತು ಬರೆಯಬಲ್ಲ ಕಿರಿಯರು ಒಟ್ಟಿಗೆ ಕುಳಿತರೆ ಸಾಕು. ಉಲುಗ್ ಬೇಗ್‌ನ ಗ್ರಂಥವನ್ನು ಉಳಿಸಿದ್ದು ಸೈನ್ಯವಲ್ಲ, ಅದನ್ನು ಅರ್ಥ ಮಾಡಿಕೊಂಡಿದ್ದ ಶಿಷ್ಯರು. ಅಂತಹ ಶಿಷ್ಯರನ್ನು ತಯಾರು ಮಾಡುವುದೇ ನಮ್ಮ ಶಾಲೆಗಳ ಮುಂದಿರುವ ಕೆಲಸ.