ಥೈರಾಯ್ಡ್ ಕ್ಯಾನ್ಸರ್: ಚಿಕಿತ್ಸೆಯ ನಡುವೆ ಕವಿಯುವ ಖಿನ್ನತೆ

ಕೋಲಾರ: ಥೈರಾಯ್ಡ್ ಕ್ಯಾನ್ಸರ್ ಇದೆಯೆಂದು ತಿಳಿದ ದಿನವೇ ರೋಗಿಯ ಕಿವಿಗೆ ಬೀಳುವ ಸಮಾಧಾನದ ಮಾತು ‘ಇದು ವಾಸಿಯಾಗುವ ಕ್ಯಾನ್ಸರ್’ ಎಂಬುದು. ಮಾತು ಬಹುಮಟ್ಟಿಗೆ ನಿಜ. ಹೆಚ್ಚಾಗಿ ಕಂಡುಬರುವ ಪ್ಯಾಪಿಲರಿ ಹಾಗೂ ಫಾಲಿಕ್ಯುಲರ್ ಬಗೆಗಳು ಬೇಗ ಪತ್ತೆಯಾದರೆ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ಆದರೆ ಇದೇ ಮಾತು ರೋಗಿಯ ಬಾಯಿ ಕಟ್ಟುವುದೂ ಉಂಟು. ವಾಸಿಯಾಗುವ ಕಾಯಿಲೆಗೆ ಅಳುವುದೇಕೆ ಎಂಬ ಸಂಕೋಚದಿಂದ, ಚಿಕಿತ್ಸೆಯ ಅವಧಿಯಲ್ಲಿ ಕವಿಯುವ ತೀವ್ರ ಖಿನ್ನತೆಯನ್ನು ವೈದ್ಯರ ಬಳಿ ಹೇಳಿಕೊಳ್ಳದೆ ಉಳಿಯುವವರಿದ್ದಾರೆ. ಈ ಖಿನ್ನತೆಗೆ ಮನಸ್ಸಿನಷ್ಟೇ ದೇಹವೂ ಕಾರಣ. ಎರಡಕ್ಕೂ ಚಿಕಿತ್ಸೆ ಇದೆ.

ಕಾರಣವೇನು?

ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಹೃದಯ ಬಡಿತ, ಜೀರ್ಣಕ್ರಿಯೆ, ಮೈಶಾಖ ಹಾಗೂ ಮಿದುಳಿನ ಕೆಲಸದ ವೇಗವನ್ನು ನಿಯಂತ್ರಿಸುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಇಡೀ ಗ್ರಂಥಿಯನ್ನು ತೆಗೆದರೆ ಜೀವನವಿಡೀ ಲೆವೊಥೈರಾಕ್ಸಿನ್ ಮಾತ್ರೆ ಸೇವಿಸಬೇಕಾಗುತ್ತದೆ.

ಅಳಿದುಳಿದ ಜೀವಕೋಶಗಳನ್ನು ನಾಶಪಡಿಸಲು ಕೆಲವರಿಗೆ ವಿಕಿರಣಶೀಲ ಅಯೋಡೀನ್-131 ನೀಡಲಾಗುತ್ತದೆ. ಅದನ್ನು ಆ ಕೋಶಗಳು ಹೀರಿಕೊಳ್ಳಬೇಕಾದರೆ ರಕ್ತದಲ್ಲಿ ಟಿಎಸ್‌ಎಚ್ ಪ್ರಮಾಣ ಏರಬೇಕು. ಇದಕ್ಕಾಗಿ ಲೆವೊಥೈರಾಕ್ಸಿನ್ ಮಾತ್ರೆಯನ್ನು ಸಾಮಾನ್ಯವಾಗಿ 3ರಿಂದ 4 ವಾರ ನಿಲ್ಲಿಸುವುದು ವಾಡಿಕೆ. ರೋಗಿ ಅತ್ಯಂತ ಕುಗ್ಗುವುದು ಈ ವಾರಗಳಲ್ಲೇ. ಆಯಾಸ, ಚಳಿ, ಮಲಬದ್ಧತೆ, ಮುಖದ ಊತ, ಮರೆವು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಹಾರ್ಮೋನು ಕೊರತೆಯ ಲಕ್ಷಣಗಳು. ಮನೆಯವರ ಕಣ್ಣಿಗೆ ಇದು ಸೋಮಾರಿತನವಾಗಿ ಕಾಣಬಹುದು.

ಮಾತ್ರೆ ನಿಲ್ಲಿಸದೆಯೇ ಟಿಎಸ್‌ಎಚ್ ಏರಿಸುವ ಚುಚ್ಚುಮದ್ದು ಇದೆ. ಅಮೆರಿಕದಲ್ಲಿ ಇದು 1998ರಲ್ಲಿ ಮೊದಲು ಮಾನ್ಯತೆ ಪಡೆಯಿತು. ಬೆಲೆ ದುಬಾರಿ. ಆದರೂ ಹಿಂದೆ ಖಿನ್ನತೆಯಿಂದ ಬಳಲಿದವರು ಈ ಆಯ್ಕೆಯ ಬಗ್ಗೆ ವೈದ್ಯರನ್ನು ಮುಂಚಿತವಾಗಿ ಕೇಳುವುದು ಒಳಿತು.

ಶಸ್ತ್ರಚಿಕಿತ್ಸೆಯಲ್ಲಿ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾದರೆ ಕ್ಯಾಲ್ಸಿಯಂ ಇಳಿದು ಬೆರಳು ಜುಮುಗುಡುವುದು, ಸ್ನಾಯು ಸೆಳೆತ, ಆತಂಕ ಕಾಣಿಸುತ್ತವೆ. ಮುಂದೆ ಹಾರ್ಮೋನು ಮಾತ್ರೆಯ ಪ್ರಮಾಣ ಹೆಚ್ಚಾದರೆ ಎದೆಬಡಿತ, ನಿದ್ರಾಹೀನತೆ, ಸಿಡುಕು ಬರಬಹುದು. ಹೀಗಾಗಿ ಮನಸ್ಸು ಕುಗ್ಗಿದಾಗ ರಕ್ತಪರೀಕ್ಷೆಯೂ ಅಗತ್ಯ.

ಒಂಟಿ ಕೊಠಡಿಯ ದಿನಗಳು

ಹೆಚ್ಚಿನ ಪ್ರಮಾಣದ ಅಯೋಡೀನ್-131 ಪಡೆದವರು ಕೆಲ ದಿನ ಆಸ್ಪತ್ರೆಯ ಪ್ರತ್ಯೇಕ ಕೊಠಡಿಯಲ್ಲಿ ಇರಬೇಕಾಗುತ್ತದೆ. ಇದರ ವಿಕಿರಣಶೀಲತೆ 8 ದಿನಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಮೂತ್ರದ ಮೂಲಕವೂ ಹೊರಹೋಗುತ್ತದೆ. ಮನೆಗೆ ಮರಳಿದ ಮೇಲೂ ಮಕ್ಕಳು ಹಾಗೂ ಗರ್ಭಿಣಿಯರಿಂದ ವೈದ್ಯರು ಹೇಳಿದಷ್ಟು ದಿನ ಅಂತರ ಕಾಯಬೇಕು. ಕ್ಯಾನ್ಸರ್ ಅಂಟುರೋಗವಲ್ಲ, ಈ ಅಂತರ ವಿಕಿರಣದ ಕಾರಣಕ್ಕೆ ಮಾತ್ರ, ಅದೂ ತಾತ್ಕಾಲಿಕ. ಇದನ್ನು ಬಂಧುಗಳಿಗೆ, ನೆರೆಹೊರೆಯವರಿಗೆ ಮೊದಲೇ ತಿಳಿಸಿದರೆ ದೂರವಿಟ್ಟರೆಂಬ ನೋವು ತಪ್ಪುತ್ತದೆ.

ಅಯೋಡೀನ್ ಚಿಕಿತ್ಸೆಗೆ ಮುನ್ನ 1ರಿಂದ 2 ವಾರ ಕಡಿಮೆ ಅಯೋಡೀನ್‌ನ ಆಹಾರಪಥ್ಯ ಇರುತ್ತದೆ. ಹೈನುಗಾರಿಕೆಯೇ ಆಸರೆಯಾದ ಕೋಲಾರದ ಮನೆಗಳಲ್ಲಿ ಹಾಲು, ಮೊಸರು ಬಿಡುವುದು ಸುಲಭವಲ್ಲ. ಮೊಟ್ಟೆಯ ಹಳದಿ, ಮೀನು, ಬೇಕರಿ ತಿನಿಸುಗಳೂ ವರ್ಜ್ಯ. ನೇರ ಸೇವನೆಗೆ ಅಯೋಡೀನ್‌ರಹಿತ ಉಪ್ಪಿನ ಮಾರಾಟವನ್ನು ದೇಶದಲ್ಲಿ 2006ರಲ್ಲಿ ನಿಷೇಧಿಸಲಾದ ಕಾರಣ, ಯಾವ ಉಪ್ಪು ಬಳಸಬೇಕೆಂದು ಆಸ್ಪತ್ರೆಯಲ್ಲೇ ಕೇಳಬೇಕು. ಆ ಉಪ್ಪು ಹಾಕಿದ ತರಕಾರಿ ಸಾರು, ರಾಗಿ ಮುದ್ದೆಯನ್ನು ಮನೆಮಂದಿಯೂ ಜೊತೆಗೆ ಕುಳಿತು ಉಂಡರೆ ರೋಗಿಗೆ ಪಥ್ಯ ಶಿಕ್ಷೆಯೆನಿಸದು.

ನೆರವು ಯಾವಾಗ?

ದಿನದ ಬಹುಪಾಲು ದುಃಖ, ನಿರಾಸಕ್ತಿ, ನಿದ್ರೆ ಹಾಗೂ ಹಸಿವಿನ ಏರುಪೇರು, ತಾನು ಮನೆಗೆ ಭಾರವೆಂಬ ಭಾವ 2 ವಾರ ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ರೋಗಿಯನ್ನು ಒಂಟಿಯಾಗಿ ಬಿಡಬಾರದು.

ಹಾರ್ಮೋನು ಮತ್ತೆ ಆರಂಭಿಸಿದ ಕೂಡಲೇ ಮನಸ್ಸು ಹಗುರಾಗದು, ಕೆಲವು ವಾರಗಳು ಬೇಕು. ಖಿನ್ನತೆಯ ಮಾತ್ರೆಗಳ ಪರಿಣಾಮಕ್ಕೂ ವಾರಗಳೇ ಹಿಡಿಯುತ್ತವೆ. ಅವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಲೆವೊಥೈರಾಕ್ಸಿನನ್ನು ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ತಿಂಡಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡುವು ಕೊಡಬೇಕು. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳಿಗೆ 4 ಗಂಟೆಗಳ ಅಂತರವಿರಲಿ. ಸರ್ಟ್ರಲಿನ್‌ನಂತಹ ಖಿನ್ನತೆಯ ಔಷಧ ಆರಂಭಿಸಿದರೆ ಹಾರ್ಮೋನು ಪ್ರಮಾಣ ಬದಲಿಸಬೇಕಾಗಬಹುದು. ಆದ್ದರಿಂದ ಇಬ್ಬರೂ ವೈದ್ಯರಿಗೆ ಎಲ್ಲ ಔಷಧಗಳ ಪಟ್ಟಿ ತೋರಿಸಬೇಕು.

ನೆರವು ಎಲ್ಲಿ?

ಕೋಲಾರ ತಾಲ್ಲೂಕಿನ ಸುಗಟೂರು ಹೋಬಳಿಯ ರೋಗಿ ಕ್ಯಾನ್ಸರ್ ಚಿಕಿತ್ಸೆಗೆಂದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾಗಿ ಬರಬಹುದು. ಮನಸ್ಸಿನ ಚಿಕಿತ್ಸೆಗೆ ಪ್ರತಿ ಬಾರಿಯೂ ಅಷ್ಟು ದೂರದ ಪ್ರಯಾಣ ಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆಯ ಬಗ್ಗೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ನಗರದ ಅಂಚಿನ ಟಮಕದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

‘ಧೈರ್ಯವಾಗಿರು’ ಎಂಬ ಒಂದು ಮಾತಿಗೆ ಮನೆಯವರ ಹೊಣೆ ಮುಗಿಯುವುದಿಲ್ಲ. ಮಾತ್ರೆಯ ವೇಳೆ ನೆನಪಿಸುವುದು, ತಪಾಸಣೆಯ ದಿನ ಜೊತೆಗೆ ಹೋಗುವುದು, ರೋಗಿ ಹೇಳಲಾರದ್ದನ್ನು ವೈದ್ಯರಿಗೆ ಹೇಳುವುದು ಕೂಡ ಚಿಕಿತ್ಸೆಯ ಭಾಗವೇ. ಗಂಟಲಿನ ಗಾಯ ಮಾಯ್ದ ಮೇಲೂ ಮನಸ್ಸು ಚೇತರಿಸಿಕೊಳ್ಳಲು ಕಾಲ ಬೇಕು. ಆ ಕಾಲವನ್ನು ರೋಗಿ ನಾಚಿಕೆಯಿಲ್ಲದೆ ಕೇಳಿ ಪಡೆಯುವಂತಾಗಬೇಕು.