ಗಾಡಿ ಮೇಲಿನ ಡಿಶ್ | ರಾಮನಗರ ಸೀಮೆ ಕಥೆಗಳು, ಭಾಗ 9

ಮೈಸೂರು ರಸ್ತೇಲಿ ಓಡಾಡೋರು 2018ರ ಮೇ ತಿಂಗಳನ್ನ ಮರೆತಿರಲ್ಲ. ಫಲಿತಾಂಶ ಅತಂತ್ರ ಆಯ್ತು, ಕಾಂಗ್ರೆಸ್ ಶಾಸಕರು ಬಿಡದಿಯ ಈಗಲ್‌ಟನ್ ರೆಸಾರ್ಟಿಗೆ ಬಂದಿಳಿದರು. ಬೆನ್ನಿಗೇ ಓಬಿ ವ್ಯಾನುಗಳು. ಹಿಂದಿನ ವರ್ಷ ಗುಜರಾತಿನ ಶಾಸಕರು ಬಂದಾಗಲೂ ಇದೇ ಜಾತ್ರೆ. ವ್ಯಾನಿನ ನೆತ್ತಿ ಮೇಲೆ ಮಲಗಿದ್ದ ಡಿಶ್ ಎದ್ದು ಕೂತರೆ ಸಾಕು, ಗೇಟಿನ ಮುಂದಿನ ಮಾತು ಮನೆಮನೆಗೆ. ಇಷ್ಟು ಮಾಮೂಲಿ ಆಗೋಕೆ ನಲವತ್ತು ವರ್ಷ ಹಿಡೀತು.

1975ಕ್ಕೆ ಹೋಗೋಣ. ನಮ್ಮ ರಾಮದೇವರ ಬೆಟ್ಟದ ಬುಡದಲ್ಲಿ ತೆಗೆದ 'ಶೋಲೆ' ತೆರೆಕಂಡಿದ್ದು ಆ ವರ್ಷದ ಆಗಸ್ಟ್ 15ಕ್ಕೆ. ಅದಕ್ಕೆ ಎರಡು ವಾರ ಮುಂಚೆ, ಆಗಸ್ಟ್ 1ಕ್ಕೆ, ಇಸ್ರೋದ 'ಸೈಟ್' ಪ್ರಯೋಗ ಶುರುವಾಗಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹ, ಒಂದು ವರ್ಷದ ಕಡ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಗೆ. ಬೆಂಗಳೂರಿಗೇ ಇರಲಿಲ್ಲ, ನಮಗೆಲ್ಲಿಂದ ಬರಬೇಕು! ಡಿಶ್ ಅಂದ್ರೆ ಹತ್ತು ಅಡಿ ಅಗಲದ ತಂತಿ ಬಲೆ, ಕೋಳಿ ಗೂಡಿಗೆ ಹಾಕ್ತಾರಲ್ಲ, ಅದೇ. ಅಷ್ಟು ಅಗ್ಗದ ಬಲೆ ಸಾಕಾಗಿದ್ದು ಯಾಕೆ ಅಂದ್ರೆ ಆಕಾಶದಲ್ಲಿದ್ದ ಉಪಗ್ರಹದ ಕೊಡೆ ಒಂಬತ್ತು ಮೀಟರ್ ಅಗಲ ಇತ್ತು.

1976ರ ಜುಲೈ 31ಕ್ಕೆ ಕಡದ ಅವಧಿ ಮುಗೀತು. ಉಪಗ್ರಹ ಹೋಯ್ತು. ಹಳ್ಳಿಗಳಲ್ಲಿ ಪೆಟ್ಟಿಗೆ ಇದೆ, ಬಲೆ ಇದೆ, ಆ ಉಪಗ್ರಹದ ಚಿತ್ರ ಇಲ್ಲ. ಗುಲ್ಬರ್ಗಕ್ಕೆ 1977ರಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. ಬೆಂಗಳೂರು ದೂರದರ್ಶನ 1981ರಲ್ಲಿ, ಅಂದ್ರೆ ರಾಜಧಾನಿಗಿಂತ ಮೊದಲು ಟಿವಿ ನೋಡಿದ್ದು ಕಲ್ಯಾಣ ಕರ್ನಾಟಕದ ರೈತರು. ಈ ಮಾತು ಹೇಳಿದ್ರೆ ಬೆಂಗಳೂರಿನೋರು ಇವತ್ತಿಗೂ ನಂಬಲ್ಲ.

ಅದೇ 1981ರ ಎರಡನೇ ಫೋಟೊ ನೀವೂ ನೋಡಿರ್ತೀರಿ: ಎತ್ತಿನ ಗಾಡಿ ಮೇಲೆ 'ಆ್ಯಪಲ್' ಉಪಗ್ರಹ. ಬಡತನದ ಚಿತ್ರ ಅಂತ ಶೇರ್ ಮಾಡ್ತಾರೆ. ಅಲ್ಲ ಸ್ವಾಮಿ! ಆ್ಯಂಟೆನಾ ಪರೀಕ್ಷೆ ಬಯಲಲ್ಲಿ ಆಗಬೇಕಿತ್ತು, ಕಬ್ಬಿಣದ ಲಾರಿ ಮೇಲಿಟ್ಟರೆ ಅಲೆಗಳು ಬಡಿದು ವಾಪಸ್ ಬಂದು ಲೆಕ್ಕ ಕೆಡ್ತಿತ್ತು. ಮರದ ಗಾಡಿಗೆ ಆ ತೊಂದರೆ ಇಲ್ಲ. ಬುದ್ಧಿವಂತಿಕೆ ಅಂದ್ರೆ ಅದು.

ಇನ್ನು ಓಬಿ ವ್ಯಾನಿಗೆ ದಾರಿ ಬಿಟ್ಟಿದ್ದರಲ್ಲಿ ಕ್ರಿಕೆಟ್ಟಿನ ಪಾಲೂ ಇದೆ. 1993ರ ಹೀರೋ ಕಪ್ ಪಂದ್ಯಗಳನ್ನ ಇಲ್ಲಿಂದ ನೇರ ಉಪಗ್ರಹಕ್ಕೆ ಯಾರು ಕಳಿಸಬಹುದು ಅನ್ನೋ ಜಗಳ ಸುಪ್ರೀಂ ಕೋರ್ಟಿಗೆ ಹೋಯ್ತು. 1995ರ ಫೆಬ್ರವರಿಯಲ್ಲಿ ತೀರ್ಪು: ಅಲೆಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯ ಅಲ್ಲ.

ಈಗ ಇನ್‌ಬಾಕ್ಸಲ್ಲಿ ಬಂದ ಪ್ರಶ್ನೆ: "ಕ್ಯಾರವಾನಿಗೆ ಡಿಶ್ ಹಾಕಬಹುದಾ ಸರ್?" ಹಾಕಬಹುದು. ತಿಂಗಳ ಬಾಡಿಗೆ ಬೇಡ ಅಂದ್ರೆ ಡಿಡಿ ಫ್ರೀ ಡಿಶ್, ಅದರ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಮಾಗಡಿ, ಕನಕಪುರ, ಚನ್ನಪಟ್ಟಣ, ಎಲ್ಲಿ ನಿಲ್ಲಿಸಿದರೂ ದಿಕ್ಕು ಆಗ್ನೇಯ, ಎತ್ತರ ಸುಮಾರು 66 ಡಿಗ್ರಿ. ಅಷ್ಟು ಎತ್ತರ ಇರೋದ್ರಿಂದ ಸಾವನದುರ್ಗ ಕೂಡ ಅಡ್ಡ ಬರೋದು ಅಪರೂಪ. ಅಡ್ಡ ಬರೋದು ತಲೆ ಮೇಲಿನ ಮಾವಿನ ಮರ! ನೆರಳು ನೋಡಿ ಗಾಡಿ ನಿಲ್ಲಿಸಿದ್ರೆ ಟಿವಿ ಇಲ್ಲ. ಇಲ್ಲಿನ ಡಿಶ್ ತಟ್ಟೆ ಓರೆ ಜಾತಿದು, ನೋಡೋಕೆ ಅಷ್ಟು ಮೇಲಕ್ಕೆ ಮುಖ ಮಾಡಿದಂಗೆ ಕಾಣಲ್ಲ, ಗಾಬರಿ ಬೇಡ. ಮಾಡಿನ ಮೇಲೆ ಬೋಲ್ಟ್ ಹಾಕೋದಕ್ಕಿಂತ ಮುಕ್ಕಾಲಿ ಸ್ಟ್ಯಾಂಡ್ ವಾಸಿ: ಗಾಡಿ ನೆರಳಲ್ಲಿ, ಡಿಶ್ ಬಿಸಿಲಲ್ಲಿ. ಓಡೋ ಗಾಡಿಲಿ ಮಾತ್ರ ಮಾಮೂಲಿ ಡಿಶ್ ಹಿಡಿಯಲ್ಲ, ಒಂದು ತಿರುವು ಬಂದ್ರೆ ಆಗ್ನೇಯ ಕೈ ತಪ್ತು. ಜೋರು ಮಳೆ ಬಂದಾಗ ಚಿತ್ರ ಚೌಕ ಚೌಕ ಒಡೆದು ಹೋಗುತ್ತೆ, ಮನೇಲಿ ಆಗೋ ಹಾಗೇ.

ಅಂದಹಾಗೆ ಓಬಿ ವ್ಯಾನುಗಳ ಡಿಶ್ಶಿಗೂ ಈಗ ಕೆಲಸ ಕಮ್ಮಿ. ವರದಿಗಾರರ ಬೆನ್ನ ಮೇಲೆ ನಾಲ್ಕಾರು ಸಿಮ್ ಹಾಕಿದ ಬ್ಯಾಗ್ ಬಂದಿದೆ.

#ರಾಮನಗರ #ಮಾಗಡಿ #ಕನಕಪುರ #ಚನ್ನಪಟ್ಟಣ #ಟಿವಿಚರಿತ್ರೆ